ಅಟ್ಟದ ಕೆಳಗಿನ ಪ್ರೊಜೆಕ್ಟರ್

ಕಿಬ್ಬನಹಳ್ಳಿ
೨೧ ಫೆಬ್ರವರಿ ೨೦೨೫, ಶುಕ್ರವಾರ

ನಮ್ಮ ಮನೆಯವರಿಗೆ ಶಾಂತಕುಮಾರಿಯ ನಮಸ್ಕಾರಗಳು.

ಇಂದೋರಿನಲ್ಲಿ ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಕೊಬ್ಬರಿ ಮಂಡಿಯ ಗೋದಾಮಿನ ದೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಪಕ್ಕದ ಹೋಟೆಲಿನವನು ಈಗಲೂ ತಿಂಡಿಗೆಲ್ಲ ಸಕ್ಕರೆ ಸುರಿಯುತ್ತಾನೆಯೇ? ಬಿಸಿನೀರು ಕುಡಿಯಿರಿ, ರಾತ್ರಿ ಹೊತ್ತು ಮೊಸರು ಮುಟ್ಟಬೇಡಿ. ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇನ್ನು ಮುಂದಿನದೆಲ್ಲ ನನ್ನ ಕೋಪ. ನಿಂತುಕೊಂಡು ಓದಬೇಡಿ, ಎಲ್ಲಾದರೂ ಕೂತುಕೊಳ್ಳಿ.

ಬುಧವಾರ ಸಂಜೆಯಿಂದ ನಾನು ನಿಮ್ಮ ಫೋನ್ ಎತ್ತಿಲ್ಲ. ಎತ್ತುವುದೂ ಇಲ್ಲ. ಫೋನಿನಲ್ಲಾದರೆ ನಾನು ಅರ್ಧ ಮಾತಾಡುವಷ್ಟರಲ್ಲೇ ನೀವು ‘ಆಯ್ತು ಬುಡು, ಆಯ್ತು ಬುಡು’ ಎಂದು ಶುರುಮಾಡುತ್ತೀರಿ. ಕಾಗದದ ಜೊತೆ ಹಾಗೆ ಆಡಲು ಬರುವುದಿಲ್ಲ, ಅದು ತನ್ನ ಮಾತು ಮುಗಿಸಿಯೇ ಮುಗಿಸುತ್ತದೆ. ಸಂಜೆ ರಾಜಣ್ಣನ ಲಾರಿ ಕೊಬ್ಬರಿ ತುಂಬಿಕೊಂಡು ನಿಮ್ಮಲ್ಲಿಗೇ ಹೊರಡುತ್ತದೆ. ಅವನ ಕೈಗೇ ಕೊಡುತ್ತೇನೆ.

ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನಿಮಗೆ ತಲುಪಿರುವುದು ನಿಮ್ಮ ತಮ್ಮ ಭುವನ್ ಸವರಿ ಹೇಳಿದ ಸುದ್ದಿ. ಸಂಕ್ರಾಂತಿ ಹೊತ್ತಿಗೆ ಹಳೆಯ ಟಿವಿ ಕೆಟ್ಟು ಕೂತಾಗ ಹೊಸದೊಂದು ಬೇಕು ಎಂದವಳು ನಾನು. ‘ಬರೀ ಟಿವಿ ಯಾಕೆ, ನಡುಮನೇಲಿ ಹೋಮ್ ಥಿಯೇಟರೇ ಮಾಡ್ಸು’ ಎಂದವರು ನೀವು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅತ್ತೆಗೆ ಮಂಡಿನೋವು ಹೆಚ್ಚಾದ ಮೇಲೆ ಅವರ ಲೋಕವೆಲ್ಲ ಆ ನಡುಮನೆಯೇ ಆಗಿದೆ. ತಿಮ್ಮಕ್ಕನೂ ಅವಳ ಜೊತೆಯವರೂ ಅಲ್ಲೇ ಕೂತು ಕರಟ ಒಡೆದು ಕೊಬ್ಬರಿ ಬಿಡಿಸುತ್ತಾರೆ, ಅತ್ತೆ ಕಂಬಕ್ಕೆ ಒರಗಿ ಕೂತು ಒಳ್ಳೆಯದು, ಹುಳುಕು ಎಂದು ಬೇರೆ ಮಾಡುತ್ತಾರೆ. ಕೆಲಸ ನಡೆಯುವುದು ಹಗಲಿನಲ್ಲಿ. ಮುಂಬಾಗಿಲು ಹಿತ್ತಲಬಾಗಿಲು ಎರಡೂ ತೆರೆದಿರಬೇಕು, ಇಲ್ಲದಿದ್ದರೆ ಕೊಬ್ಬರಿಯ ಬಣ್ಣ ತಿಳಿಯುವುದಿಲ್ಲ, ಉಸಿರೂ ಆಡುವುದಿಲ್ಲ. ನೀವು ಹುಟ್ಟಿ ಬೆಳೆದ ಮನೆ, ನಿಮಗೆ ನಾನು ಹೇಳಿಕೊಡಬೇಕೇ?

ಭುವನ್ ಜೊತೆ ತಿಪಟೂರಿನ ಅಂಗಡಿಗೆ ಹೋದೆ. ಅಂಗಡಿಯವನು ನಮ್ಮನ್ನು ಒಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಪ್ರೊಜೆಕ್ಟರ್ ಹಾಕಿದ. ಗೋಡೆ ತುಂಬ ಚಿತ್ರ, ಎದೆಗೆ ಗುದ್ದುವ ಹಾಗೆ ಸದ್ದು. ಭುವನ್ ಬಾಯಿ ಬಿಟ್ಟುಕೊಂಡು ನೋಡಿದ. ನಾನೂ ನೋಡಿದೆ. ಆಮೇಲೆ ಎದ್ದು ಬಾಗಿಲು ತೆಗೆದೆ. ಅಷ್ಟೇ, ಬಣ್ಣವೆಲ್ಲ ಒಗೆದೊಗೆದು ಬಿಳಿಚಿದ ಸೀರೆಯ ಹಾಗೆ ಆಗಿಹೋಯಿತು. ನಮ್ಮ ನಡುಮನೆಗೆ ಇದು ಆಗುವುದಿಲ್ಲ, ಟಿವಿಯೇ ಕೊಡಿ, ಬೇಕಾದರೆ ಒಳ್ಳೆಯ ಸ್ಪೀಕರ್ ಸೇರಿಸಿ ಎಂದೆ. ಅವನು ನನಗೆ ಉತ್ತರ ಕೊಡಲಿಲ್ಲ. ನಿಮ್ಮ ತಮ್ಮನ ಕಡೆ ತಿರುಗಿ, ‘ಅಕ್ಕನೋರ್ಗೆ ಇದೆಲ್ಲ ಅರ್ಥ ಆಗಲ್ಲ ಸಾರ್, ಅಣ್ಣನ್ನ ಒಂದ್ ಮಾತು ಕೇಳಿ’ ಎಂದ. ಬಾಗಿಲು ತೆಗೆದು ಪರೀಕ್ಷೆ ಮಾಡಿದವಳು ನಾನು, ಅರ್ಥವಾಗದವಳೂ ನಾನೇ! ಆದರೂ ಟಿವಿಯನ್ನೇ ಗೊತ್ತುಮಾಡಿ ಬಂದೆ.

ಬುಧವಾರ ಮನೆ ಮುಂದೆ ಆಟೋ ನಿಂತಾಗ ಅದರಿಂದ ಇಳಿದದ್ದು ಪ್ರೊಜೆಕ್ಟರ್, ಪರದೆ, ಕಿಟಕಿಗಳಿಗೆ ಹಾಕಲು ಕಪ್ಪು ಬಟ್ಟೆ. ನೀವು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ನನ್ನ ಮಾತನ್ನು ಬದಲಾಯಿಸಿದ್ದಿರಿ. ಕೇಳಿದರೆ ಭುವನ್ ನೆಲ ನೋಡುತ್ತ, ‘ಅವ್ವಂಗೆ ದೊಡ್ಡದಾಗ್ ಕಾಣ್ಲಿ ಅಂತ ಅಣ್ಣನೇ ಹೇಳ್ತು ಅತ್ಗೆ, ನಾನೇನ್ ಮಾಡ್ಲಿ’ ಎಂದ. ಅವ್ವನಿಗೆ ಎನ್ನುವುದಾದರೆ ಅವ್ವನನ್ನು ಕೇಳಬಹುದಿತ್ತಲ್ಲ? ನೀವು ಯುಗಾದಿಗೆ ಬಂದು, ಗೆಳೆಯರನ್ನು ಕೂಡಿಸಿಕೊಂಡು ಕ್ರಿಕೆಟ್ ನೋಡಿ ಹಿಂತಿರುಗುತ್ತೀರಿ. ಆಮೇಲೆ ವರ್ಷವಿಡೀ ಹಗಲುಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡು ಕತ್ತಲೆಯಲ್ಲಿ ಕೊಬ್ಬರಿ ಬಿಡಿಸಬೇಕಾದವರು ಯಾರು? ನಿಮಗೆ ಫೋನ್ ಮಾಡಿ ಇದನ್ನೇ ಕೇಳಿದೆ. ‘ನಿಂಗೆ ಅದೆಲ್ಲ ಗೊತ್ತಾಗಲ್ಲ ಬುಡು’ ಎಂದಿರಿ. ಅಂಗಡಿಯವನದೂ ನಿಮ್ಮದೂ ಒಂದೇ ಪಾಠ.

ಇಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅದನ್ನು ಕೂರಿಸಲು ಬಂದ ಇಬ್ಬರು ಮೇಲಿನಿಂದ ನೇತುಹಾಕಬೇಕು ಎಂದರು. ಮೇಲಿರುವುದು ಅಡಿಕೆಮರದ ಸೀಳು ದಬ್ಬೆ ಹಾಸಿದ ಅಟ್ಟ, ಅಟ್ಟದ ತುಂಬ ಹೋದ ಬೇಸಿಗೆಯಲ್ಲಿ ಹಾಕಿದ ಕಾಯಿ. ‘ತೊಲೆ ಹಳೇದು, ದಬ್ಬೆ ಸಡ್ಲ ಐತೆ, ಡ್ರಿಲ್ಲಿಂಗ್ ಮಿಷನ್ ಇಡಬೇಡಿ ಕಣ್ರಪ್ಪ’ ಎಂದು ಬೇಡಿಕೊಂಡೆ. ತಿಮ್ಮಕ್ಕನೂ ಹೇಳಿದಳು. ಅವರು ನಿಮಗೆ ವೀಡಿಯೊ ಕಾಲ್ ಮಾಡಿ ತೊಲೆ ತೋರಿಸಿದರು. ನೀವು ಅಷ್ಟು ದೂರದಿಂದ ನೋಡಿ ‘ಏನಾಗಲ್ಲ, ಹೊಡೀರಿ’ ಎಂದಿರಿ. ಯಜಮಾನರ ಅಪ್ಪಣೆ ಸಿಕ್ಕ ಮೇಲೆ ನಮ್ಮ ಮಾತಿಗೇನು ಬೆಲೆ? ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗೋಣವೆಂದು ನಾನು ಊರುಗೋಲು ತರಲು ಕೋಣೆಗೆ ಹೋದೆ. ಡ್ರಿಲ್ಲಿಂಗ್ ಮಿಷನ್ ಕಿರುಚಿದ್ದು ಕೇಳಿಸಿತು, ಅದರ ಹಿಂದೆಯೇ ಕಾಯಿ ಉರುಳುವ ಸದ್ದು. ದಬ್ಬೆಯೊಂದು ಕಳಚಿಕೊಂಡು, ಆ ಸಂದಿನಿಂದ ಕಾಯಿ ದಡದಡನೆ ಸುರಿಯುತ್ತಿತ್ತು. ಅತ್ತೆಗೆ ಏಳಲು ಆಗಲಿಲ್ಲ. ತಿಮ್ಮಕ್ಕ ಮಚ್ಚು ಬಿಸಾಕಿ ಓಡಿ ಬಂದು ಅವರ ಎರಡೂ ತೋಳು ಹಿಡಿದು ಎಳೆದಳು, ಇಲ್ಲದಿದ್ದರೆ ಈ ಕಾಗದವನ್ನು ನಾನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಅಷ್ಟರಲ್ಲೇ ಒಂದು ಕಾಯಿ ಹಣೆಗೆ ಬಡಿದಿತ್ತು. ಹುಬ್ಬಿನ ಮೇಲೆ ಸೀಳಿಕೊಂಡು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನಾನು ಸೆರಗು ಒತ್ತಿ ಹಿಡಿದೆ. ಆ ಹೊತ್ತಿನಲ್ಲೂ ಅತ್ತೆ, ‘ಸೀರೆ ಹಾಳಾಯ್ತದೆ ಕಣವ್ವ, ಬೇರೆ ಬಟ್ಟೆ ತಗೊ’ ಎನ್ನುತ್ತಿದ್ದರು.

ತಿಪಟೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಮೂಳೆಗೆ ಏನೂ ಆಗಿಲ್ಲವಂತೆ, ಸದ್ಯ. ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ನಿಮಗೆ ಫೋನ್ ಮಾಡಿದೆ. ತಿಮ್ಮಕ್ಕ ನನ್ನ ಪಕ್ಕದಲ್ಲೇ ಇದ್ದಳು. ನನ್ನ ಕೈಯಲ್ಲಿ ರಕ್ತವಿದ್ದದ್ದರಿಂದ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಿದ್ದೆ. ‘ಅಟ್ಟದ ಕಾಯಿ ಬಿದ್ದೋಯ್ತು ಕಣ್ರೀ, ಆಸ್ಪತ್ರೇಲಿದೀವಿ’ ಎಂದೆ. ನೀವು ಕೇಳಿದ ಮೊದಲ ಮಾತು ನೆನಪಿದೆಯೇ? ‘ಪ್ರೊಜೆಕ್ಟರ್‌ಗೇನೂ ಆಗಿಲ್ಲ ತಾನೆ?’

ಆಗಿಲ್ಲ. ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಮನೆಯಲ್ಲಿ ಅದನ್ನು ಹಾಸಿಗೆ ಹಾಸಿದ ಮಂಚದ ಮೇಲೆ ಜೋಪಾನವಾಗಿ ಇಟ್ಟಿದ್ದರು. ನೆಲದ ಮೇಲೆ ಕೂತಿದ್ದವರು ನಿಮ್ಮ ತಾಯಿ. ನಾನು ಫೋನ್ ಕಟ್ ಮಾಡಿದೆ. ಅತ್ತೆ ಗೋಡೆಯ ಕಡೆ ನೋಡುತ್ತಿದ್ದರು. ಹಾಗೆ ನೋಡುತ್ತಲೇ, ‘ಅಲ್ಲಿ ಮಂಡೀಲಿ ಗಲಾಟೆ ಕಣವ್ವ, ಅವ್ನಿಗೆ ಸರ್ಯಾಗ್ ಕೇಳ್ಸಿಲ್ಲ’ ಎಂದರು. ಆಮೇಲೆ ನೀವು ಭುವನ್‌ಗೆ ಮಾಡಿ, ಸಣ್ಣ ಗಾಯವೆಂದು ತಿಳಿದುಕೊಂಡು, ‘ನಿಮ್ಮತ್ಗೆ ಯಾಕೆ ಫೋನ್ ಎತ್ತಲ್ಲ’ ಎಂದು ಕೇಳಿದಿರಂತೆ. ಯಾಕೆ ಎತ್ತುವುದಿಲ್ಲ ಎಂದು ಈಗ ತಿಳಿಯಿತೇ?

ನಿನ್ನೆ ಬೆಳಿಗ್ಗೆ ಪ್ರೊಜೆಕ್ಟರನ್ನು ಕಾರಿಗೆ ಹಾಕಿಸಿಕೊಂಡು ಅಂಗಡಿಗೆ ಹೋದೆ. ಗಾಡಿ ಓಡಿಸಿದವನು ಭುವನ್. ಇದನ್ನು ವಾಪಸ್ ಇಟ್ಟುಕೊಂಡು ನಾನು ಗೊತ್ತುಮಾಡಿದ್ದ ಟಿವಿ ಕೊಡಿ ಎಂದೆ. ‘ಅಣ್ಣ ಒಂದ್ ಮಾತು ಹೇಳ್ಬೇಕಲ್ಲಕ್ಕ’ ಎಂದು ಅಂಗಡಿಯವನು ರಾಗ ಎಳೆದ. ‘ಹೇಳೋ ಮಾತ್ನ ನಾನು ಹೇಳ್ತಿದೀನಿ ಕಣಪ್ಪ. ಸಾಲ್ದು ಅಂದ್ರೆ ಸಾಲೋವರ್ಗೂ ಇಲ್ಲೇ ಕೂತಿರ್ತೀನಿ’ ಎಂದು ಅವನ ಕತ್ತಲೆ ಕೋಣೆಯ ಬಾಗಿಲು ತೆಗೆದು, ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತೆ. ಒಳಗೆ ಗಂಡ ಹೆಂಡತಿ ಇಬ್ಬರು ಪ್ರೊಜೆಕ್ಟರ್ ನೋಡುತ್ತಿದ್ದರು. ಬೆಳಕು ಬಿದ್ದದ್ದೇ ಆ ಹೆಂಗಸು, ‘ಅಯ್ಯೋ, ಹಗ್ಲಲ್ಲಿ ಇಷ್ಟೇನಾ ಕಾಣೋದು?’ ಎಂದಳು. ಅಂಗಡಿಯವನ ಮುಖ ಸಣ್ಣದಾಯಿತು. ಅಭ್ಯಾಸ ಬಲದಿಂದ ಮತ್ತೆ ಭುವನ್ ಕಡೆ ನೋಡಿದ. ಆಗ ನಿಮ್ಮ ತಮ್ಮ ಬಾಯಿ ಬಿಟ್ಟ: ‘ನನ್ ಮುಖ ಯಾಕ್ರೀ ನೋಡ್ತೀರಾ? ಅತ್ಗೆ ಮುಖ ನೋಡ್ ಮಾತಾಡಿ.’ ಹುಡುಗ ಕೆಟ್ಟವನಲ್ಲ, ನಿಮ್ಮ ಮುಂದೆ ಮಾತ್ರ ಅವನಿಗೆ ನಾಲಿಗೆ ಹೊರಳುವುದಿಲ್ಲ.

ಟಿವಿ ನಿನ್ನೆ ಮಧ್ಯಾಹ್ನವೇ ಬಂತು. ಗೋಡೆಗೆ ಹಾಕಿಸಿದ್ದೇನೆ, ತೊಲೆಯನ್ನು ಯಾರೂ ಮುಟ್ಟಲಿಲ್ಲ. ಎರಡೂ ಬಾಗಿಲು ತೆರೆದಿವೆ, ಚಿತ್ರ ಚೆನ್ನಾಗಿ ಕಾಣುತ್ತದೆ. ಅಟ್ಟದ ಕಾಯನ್ನು ಆಳುಗಳು ಇಳಿಸುತ್ತಿದ್ದಾರೆ, ದಬ್ಬೆಯನ್ನೆಲ್ಲ ಹೊಸದಾಗಿ ಕಟ್ಟಿಸಲು ಹೇಳಿದ್ದೇನೆ. ಇದಕ್ಕೂ ನಿಮ್ಮನ್ನು ಕೇಳಲಿಲ್ಲ. ಇನ್ನು ಮುಂದೆ ಈ ಮನೆಯ ಗೋಡೆ, ತೊಲೆ, ಬಾಗಿಲಿನ ವಿಷಯದಲ್ಲಿ ಅಲ್ಲಿಂದ ಯಾರಿಗಾದರೂ ಅಪ್ಪಣೆ ಕೊಡುವ ಮೊದಲು ನನ್ನ ಜೊತೆ ಮಾತಾಡಿ. ಮಾತಾಡಿ ಎಂದರೆ ನಾನು ಹೇಳುವುದನ್ನು ಕೊನೆಯವರೆಗೂ ಕೇಳಿ.

ಮೈ ಕಡೆ ನೋಡಿಕೊಳ್ಳಿ. ಚಟ್ನಿಪುಡಿಯೂ ಹುರಿಗಾಳೂ ರಾಜಣ್ಣನ ಹತ್ತಿರವಿವೆ. ಕೋಪಕ್ಕೂ ಅದಕ್ಕೂ ಸಂಬಂಧವಿಲ್ಲ, ಹೊಟ್ಟೆ ತುಂಬ ತಿನ್ನಿ.

ಇಂತಿ,
ಇನ್ನೂ ಕೋಪ ಇಳಿಯದ
ಶಾಂತಕುಮಾರಿ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ನಿನ್ನೆಯಿಂದ ಅತ್ತೆಯನ್ನು ನೋಡಲು ಬಂದವರೆಲ್ಲ ಮಗನಿಗೆ ತಿಳಿಸಿದಿರಾ ಎಂದು ಕೇಳುತ್ತಿದ್ದಾರೆ. ಅತ್ತೆ ಒಬ್ಬೊಬ್ಬರಿಗೂ, ‘ಆಸ್ಪತ್ರೇಲಿದ್ದಾಗ್ಲೇ ಮಾತಾಡ್ದ ಕಣವ್ವ. ಅವ್ವ ಹೆಂಗವ್ಳೆ ಅಂತ್ಲೇ ಮೊದ್ಲು ಕೇಳಿದ್ದು, ಪಾಪ, ಗಳಗಳ ಅಂತ ಅತ್ಬುಟ್ಟ’ ಎಂದು ಹೇಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ ತಿಮ್ಮಕ್ಕ ಹೂಂ ಎಂದು ತಲೆಯಾಡಿಸುತ್ತಾಳೆ. ನಾನೂ ಹೂಂ ಎನ್ನುತ್ತೇನೆ. ಈ ಕಾಗದ ಸಿಕ್ಕ ತಕ್ಷಣ ಫೋನ್ ಮಾಡಿ. ನನಗಲ್ಲ, ಅತ್ತೆಯ ಸಣ್ಣ ಫೋನಿಗೆ. ಎರಡು ದಿನದಿಂದ ಅದನ್ನು ಕೈಯಲ್ಲೇ ಹಿಡಿದುಕೊಂಡು ಮಲಗುತ್ತಿದ್ದಾರೆ.