ಚೇತನಾಳ ಸೋದರತ್ತೆ

ಸುರಪುರ
ತಾ. 19-11-1946, ಮಂಗಳವಾರ

ಅಣ್ಣಾ,

ನಿನ್ನ ಮಗಳಿಗೆ ಹೆಸರಿಡುವ ದಿನ ಯಾವುದೆಂದು ನೀನು ನನಗೆ ಸುಳ್ಳು ಹೇಳಿದೆ. ಶುಕ್ರವಾರ ಬಾ ಎಂದು ಬರೆದೆ. ಬುಧವಾರವೇ ತೊಟ್ಟಿಲು ತೂಗಿ ಮುಗಿಸಿದೆ.

ಪ್ರತಿ ಕಾಗದದ ತಲೆಯ ಮೇಲೆ 'ತೀರ್ಥಸ್ವರೂಪ ಗುರಣ್ಣನಿಗೆ ತಂಗಿ ಸುಗಲಮ್ಮ ಮಾಡುವ ಶರಣು' ಎಂದು ಬರೆಯುತ್ತಿದ್ದೆ. ಈ ಸಲ ಕೈ ಏಳಲಿಲ್ಲ. ಊರು ಮುಟ್ಟಿ ನಾಲ್ಕು ದಿನವಾದರೂ ಒಂದು ಸಾಲು ಕಳಿಸಲಿಲ್ಲ. ಅದಕ್ಕೆ ಅತ್ತಿಗೆಯ ಕ್ಷಮೆ ಕೇಳುತ್ತೇನೆ, ನಿನ್ನದಲ್ಲ. ಎರಡು ಸಲ ಬರೆದು ಹರಿದು ಒಲೆಗೆ ಹಾಕಿದೆ. ಇದನ್ನು ಹರಿಯುವುದಿಲ್ಲ. ನಿಮ್ಮ ಶಹಾಪುರಕ್ಕೆ ಮೋಟಾರು ಹೊಡೆಯುವ ಮೆಹಬೂಬನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಟಪ್ಪಾಲು ಮುಟ್ಟಲಿಲ್ಲ ಎಂದು ಈ ಸಲ ನೀನು ಹೇಳಲಾರೆ.

ಅವ್ವನ ಮೊಣಕಾಲಿನ ಬಾವು ಇಳಿದಿದೆ. ಹಿತ್ತಲಲ್ಲಿ ಅವರೆ ಹೂ ಬಿಟ್ಟಿದೆ. ಮೊಮ್ಮಗಳ ಬಣ್ಣ ಯಾರ ಹಾಗೆ, ಮೂಗು ಯಾರ ಹಾಗೆ ಎಂದು ಅವ್ವ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಮೂಗು ನಿನ್ನ ಹಾಗೆ ಎಂದಿದ್ದೇನೆ. ಅದೊಂದು ನಿಜ.

ಹೋದ ತಿಂಗಳು ನೀನು ಬರೆದ ಕಾಗದ ನನ್ನ ಮುಂದೆಯೇ ಇದೆ. 'ಹೆಣ್ಣಾದರೆ ಹೆಸರು ನೀನೇ ಆರಿಸು. ಸೋದರತ್ತೆಯೂ ನೀನೇ, ಕಿವಿಯಲ್ಲಿ ಹೇಳುವವಳೂ ನೀನೇ. ಎರಡು ಮಾತು ನೆನಪಿರಲಿ. ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಶಾಲೆಯ ದಾಖಲೆ ಉರ್ದುವಿನಲ್ಲಿರುತ್ತದೆ, ಅಲ್ಲಿ ಮುರಿಯುವ ಹೆಸರು ಬೇಡ. ಓಣಿಗೆ ನಾಲ್ಕಿರುವ ಹೆಸರೂ ಬೇಡ.' ಈ ಅಕ್ಷರ ನಿನ್ನದೇ ತಾನೆ, ಮಾಸ್ತರೇ?

ನಾನು ಈ ಕೆಲಸಕ್ಕೆ ಹೇಗೆ ಬಿದ್ದೆನೆಂದು ನಿನಗೆ ಗೊತ್ತಿಲ್ಲ. ಮೊದಲು ನಮ್ಮ ಓಣಿಯ ಹೆಣ್ಣುಮಕ್ಕಳ ಹೆಸರು ಎಣಿಸಿದೆ. ಮೌನಮ್ಮ ಐದು ಜನ, ಬಸ್ಸಮ್ಮ ಏಳು ಜನ. ಬಾವಿಯ ಹತ್ತಿರ ಒಂದು ಸಲ ಬಸ್ಸಮ್ಮಾ ಎಂದು ಕೂಗಿದರೆ ಮೂರು ಕೊಡಗಳು ಒಟ್ಟಿಗೆ ನಿಲ್ಲುತ್ತವೆ. ಅವ್ವನಿಗೆ ಮೌನಮ್ಮನೇ ಆಗಬೇಕಿತ್ತು. "ಮಂದಿ ಎಲ್ಲಾ ಇಟ್ಟಾರ ಅಂದ್ರ ಆ ಹೆಸರು ಛಲೋ ಇರಬೇಕಲ್ಲೇನು? ನಿಮ್ಮಂಥಾ ಓದಿದವರಿಗೆ ಮಂದಿ ಬಾಯಾಗ ಇದ್ದದ್ದೆಲ್ಲಾ ಎಂಜಲ ಆಗ್ಯದ" ಎಂದಳು. ನಕ್ಕೆ. ಆದರೂ ಏಳು ಹೊಸ ಹೆಸರು ಚೀಟಿಯಲ್ಲಿ ಬರೆದುಕೊಂಡು ಶರೀಫಸಾಬರ ಮನೆಗೆ ಹೋದೆ. ಕಚೇರಿಯ ಮುಂದೆ ಕೂತು ಮಂದಿಯ ಅರ್ಜಿ ಬರೆಯುವ ಮುದುಕ, ನಿನಗೆ ಉರ್ದು ತಿದ್ದಿಸಿದವರು, ನಿನಗೆ ನೆನಪಿರಬೇಕು.

ನಾನು ಹೆಸರು ಹೇಳುವುದು, ಅವರು ಉರ್ದುವಿನಲ್ಲಿ ಬರೆಯುವುದು, ಆ ಚೀಟಿಯನ್ನು ಒಳಗೆ ಅವರ ಹೆಂಡತಿ ಸುಗರಾಬಿಗೆ ಕೊಟ್ಟು ಓದಿಸುವುದು. ಹೆಸರು ಮೊದಲೇ ಕೇಳಿರದವಳು ಸರಿಯಾಗಿ ಓದಿದರೆ ಮಾತ್ರ ಅದು ಪಾಸು. ಅರುಣಾ ಎಂಬ ಹೆಸರಿನ ಮೇಲೆ ನನಗೆ ಬಹಳ ಆಸೆಯಿತ್ತು. ಸುಗರಾಬಿ ಅದನ್ನು ಅರ್ನಾ ಎಂದು ಓದಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅರೇ ಬೇಟಿ, ಅರ್ನಾ ಅಂದ್ರ ಕಾಡಕೋಣ! ಕೂಸು ಅಷ್ಟು ದಪ್ಪ ಅದ ಏನು?" ವಿಮಲಾ ಸರಿಯಾಗಿ ಬಂತು, ಆದರೆ ನಿನ್ನ ಶಾಲೆಯ ಹಿಂದೆಯೇ ಮೂವರು ವಿಮಲಾಗಳಿದ್ದಾರೆಂದು ನೀನೇ ಬರೆದಿದ್ದೆ. ಸ್ವತಂತ್ರಾ ಎಂದಾಗ ಶರೀಫಸಾಬರು ಲೇಖನಿ ಕೆಳಗಿಟ್ಟರು. "ಇದನ್ನ ಬರದ್ರ ಪೋರಿ ತೊಟ್ಟಿಲದಾಗಿಂದ ಸೀದಾ ಠಾಣೆಕ್ಕ ಹೋಗ್ತದ. ಒಂದೀಟು ದೊಡ್ಡಾಕಿ ಆಗಲಿ, ಆಮ್ಯಾಲ ಆಕೀನ ಹೋಗ್ತಾಳ" ಎಂದರು.

ಕೊನೆಗೆ ಉಳಿದದ್ದು ಚೇತನಾ. ಸುಗರಾಬಿ ಚೀಟಿ ಕಣ್ಣಿಗೆ ಹತ್ತಿರ ಹಿಡಿದು, ತಡೆಯದೆ, ಮುರಿಯದೆ ಓದಿದಳು. ನಮ್ಮ ಓಣಿಯಲ್ಲೂ ಇಲ್ಲ, ನಿನ್ನ ಓಣಿಯಲ್ಲೂ ಇಲ್ಲ. ದೇವರ ಹೆಸರಲ್ಲ, ಹಿರಿಯರ ಹೆಸರಲ್ಲ, ಯಾರಿಗೂ ಹರಕೆಯಲ್ಲ. ನಿನ್ನ ಮಗಳಿಗಾಗಿಯೇ ಹೊಸದು. ಅದನ್ನು ಬರೆದು ಕಳಿಸಿದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಶುಕ್ರವಾರ ಮೋಟಾರು ಇಳಿದಾಗ ನನ್ನ ಬಗಲಲ್ಲಿ ಕೂಸಿಗೆ ಹೊಲಿದ ಕುಂಚಿಗೆ ಇತ್ತು. ಅವ್ವನ ಹಳೆಯ ಕುಪ್ಪಸದ ಕೆಂಪು ಅಂಚು ಹಚ್ಚಿದ್ದೆ. ನಿನ್ನ ಓಣಿಯ ಬಾಯಿಗೆ ಖಾಸಿಂಬೀ ಬಾಗಿಲು ಗುಡಿಸುತ್ತಿದ್ದಳು.

"ಈಗ ಬಂದೀ ಏನವ್ವಾ? ಗುಗ್ಗರಿ ತಿಂದು ಎರಡ ದಿನ ಆತು. ನಾವು ಅತ್ತಿ ಎಲ್ಲಿ, ಅತ್ತಿ ಎಲ್ಲಿ ಅಂದ್ವಿ, ಆಕೀಗೆ ಜ್ವರ ಅಂತಂದ್ರು ಮಾಸ್ತರು. ಜ್ವರ ಬಿಟ್ಟಾವೇನು?"

ನನಗೆ ಜ್ವರ ಎಂದು ಹೇಳಿದ್ದೆ ನೀನು. ಖಾಸಿಂಬೀಯ ಮುಂದೆ ನಾನು ಹಣೆ ಮುಟ್ಟಿಕೊಂಡು, "ಹೌದ್ರಿ, ಬಿಟ್ಟಾವ" ಎಂದೆ. ನೋಡು, ಬಾಗಿಲು ದಾಟುವ ಮೊದಲೇ ನಿನ್ನ ಸುಳ್ಳಿಗೆ ನಾನು ಸಹಿ ಹಾಕಿಯಾಗಿತ್ತು.

ಒಳಗೆ ನೀನು ನನ್ನ ಕಣ್ಣು ತಪ್ಪಿಸಿ ತೊಟ್ಟಿಲ ಹಗ್ಗ ಸರಿಮಾಡುತ್ತಿದ್ದೆ. "ಏನ್ಮಾಡೂದು ಸುಗಲಾ, ಪಂಚಾಂಗದಾಗ ಬುಧವಾರನ ಛಲೋ ಬಂತು" ಎಂದೆ. ಪಂಚಾಂಗವನ್ನು ಒಲೆಗೆ ಹಾಕಬೇಕೆಂದು ಅವ್ವನ ಜೊತೆ ಜಗಳವಾಡಿದವನು ನೀನು. ಅದರ ಬೆನ್ನಿಗೇ, "ಟಪ್ಪಾಲ ಹಾಕಿದ್ನಲ್ಲಾ, ಮುಟ್ಟಿಲ್ಲೇನು?" ಎಂದೆ. ಆಮೇಲೆ ದನಿ ಇಳಿಸಿ, ಮಗಳ ಬಾಣಂತನಕ್ಕೆ ಬಳಿಚಕ್ರದಿಂದ ಬಂದ ಬೀಗತಿಯ ಕಡೆ ಕಣ್ಣು ತೋರಿಸಿ, "ಹಳೇ ಮಂದಿ. ಬಳಿ ಇಲ್ಲದಾಕಿ ಬ್ಯಾಡ ಅಂದ್ರು. ನಾ ಒಬ್ಬನ ಏನ್ ಮಾಡ್ಲಿ?" ಎಂದೆ.

ಒಂದೇ ಕೆಲಸಕ್ಕೆ ಮೂರು ಕಾರಣ, ಅಣ್ಣಾ. ನಿಜಕ್ಕೆ ಒಂದು ಸಾಕಾಗುತ್ತದೆ.

ನಿನ್ನ ಓಣಿಯ ಅಡತಿ ವ್ಯಾಪಾರಿ ಚಂದ್ರಾಮಪ್ಪನವರ ಹೆಂಡತಿ ಬಸ್ಸಮ್ಮ ನನ್ನ ಜಾಗದಲ್ಲಿ ಅತ್ತೆಯಾಗಿ ಕೂತಳಂತೆ. ಐದು ಮಕ್ಕಳ ತಾಯಿ, ಮುಂಗೈ ತುಂಬ ಬಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕರೆದರು, ಬಂದಳು. ಆದರೆ ಅವಳು ಕೂಸಿನ ಕಿವಿಯಲ್ಲಿ ಹೇಳಿದ ಹೆಸರು ಯಾವುದು? ಚೇತನಾ! ನೀನು ಬೇರೆ ಹೆಸರಿಟ್ಟಿದ್ದರೆ ಸಿಟ್ಟು ಮಾಡಿಕೊಂಡು ಮರೆಯುತ್ತಿದ್ದೆ. ನನ್ನ ಏಳು ಚೀಟಿಗಳಲ್ಲಿ ಗೆದ್ದ ಹೆಸರನ್ನು ತೆಗೆದುಕೊಂಡೆ, ನನ್ನ ಬಾಯಿಯನ್ನು ಮಾತ್ರ ಹೊರಗೆ ನಿಲ್ಲಿಸಿದೆ. ನಾನು ಕೂತಿದ್ದಾಗಲೇ ಪಕ್ಕದ ಭಾಗಣ್ಣ ಬಂದು, "ಭಾರಿ ಹೆಸರು ಹುಡುಕೀರಿ ಮಾಸ್ತರ! ನನ್ನ ಹೆಂಡತೀನೂ ಹೆಣ್ಣಾದ್ರ ಇದನ್ನ ಇಡೂನು ಅನ್ನಾಕತ್ಯಾಳ" ಎಂದ. ನೀನು ನಕ್ಕು, "ಹಂಗ ಓದತಿರ್ತೇವಲ್ಲ, ಹೊಳೀತದ" ಎಂದೆ. ನಾನು ಮೂರು ಮೊಳ ದೂರದಲ್ಲಿದ್ದೆ. ಇನ್ನು ಎರಡು ವರ್ಷಕ್ಕೆ ನಿನ್ನ ಓಣಿಯಲ್ಲಿ ನಾಲ್ಕು ಚೇತನಾಗಳಾಗುತ್ತವೆ. ಒಂದಕ್ಕೂ ನಾನು ಅತ್ತೆಯಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಬಳೆ ಒಡೆಸಿದರು. ಗಂಡನ ಮುಖ ನನಗೆ ನೆನಪಿಲ್ಲ, ಬಳೆಯ ಬಣ್ಣ ನೆನಪಿದೆ. ಮೂಲೆಯಲ್ಲಿ ಕೂತವಳನ್ನು ಎಳೆದು ತಂದು ಇದ್ದಲಿನಿಂದ ಗೋಡೆಯ ಮೇಲೆ ಅಕ್ಷರ ಬರೆಸಿದವನು ನೀನು. ಯಾದಗಿರಿ ಸ್ಟೇಷನ್ನಿನಿಂದ ಬೆಲ್ಲದ ಗಂಟಿನಲ್ಲಿ ಸುತ್ತಿಕೊಂಡು ತಂದ ಕರಪತ್ರಗಳನ್ನು ಓದಿಸಿದವನು ನೀನು. ವಿಧವೆಯರ ಮೇಲಿನ ಆ ಹಸಿರು ರಟ್ಟಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, 'ನನಗೆ ಮಗಳು ಹುಟ್ಟಿದರೆ ಸುಗಲಮ್ಮನೇ ತೊಟ್ಟಿಲ ಬಳಿ ಕೂಡಬೇಕು' ಎಂದು ಬರೆದು ಕೆಳಗೆ ಸಹಿ ಹಾಕಿದವನೂ ನೀನೇ. ಆಗ ನಿನಗೆ ಹದಿನೆಂಟು. ಪುಸ್ತಿಕೆ ನನ್ನ ಪೆಟ್ಟಿಗೆಯಲ್ಲಿದೆ. ನಿಜಾಮನ ಪೊಲೀಸರು ಮನೆ ಹುಡುಕಿಯಾರೆಂದು ಅದನ್ನು ಎರಡು ವರ್ಷ ಜೋಳ ತುಂಬುವ ಗುಮ್ಮಿಯಲ್ಲಿ ಬಚ್ಚಿಟ್ಟಿದ್ದೆ. ಯಾರಿಗೆ ಹೆದರಬೇಕಾಗಿತ್ತೋ ಅವರನ್ನು ಬಿಟ್ಟು ಬೇರೆಯವರಿಗೆ ಹೆದರಿದೆ.

ಹೊರಡುವಾಗ ನನ್ನ ಕೈಗೆ ಒಂದು ಸೀರೆ ಇಟ್ಟೆ. "ಅತ್ತಿ ಮರ್ಯಾದಿ" ಎಂದೆ. ಬಸ್ಸಮ್ಮನಿಗೆ ಹಸಿರು ಇಳಕಲ್ಲ ಸೀರೆ ಹೋಗಿತ್ತು. ನನ್ನದು ಮಾಸಲು ಬಣ್ಣದ್ದು, ಅಂಚಿಲ್ಲದ್ದು. ಅದನ್ನೂ ಮೆಹಬೂಬನ ಕೈಯಲ್ಲಿ ಈ ಕಾಗದದೊಡನೆ ಕಳಿಸಿದ್ದೇನೆ. ಕುಂಚಿಗೆ ಅಲ್ಲೇ ಇರಲಿ, ಅದು ಕೂಸಿನದು.

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. "ಹೇಳಿದ್ಯಾ?" ಎಂದಳು. ಮಗನ ಮಾತು ಮಗ ಉಳಿಸಿಕೊಂಡ ಎನ್ನುವ ಹಿಗ್ಗು ಮುಖದ ತುಂಬ ಇತ್ತು. "ಹೂಂ ಅವ್ವ, ಹೇಳಿದೆ" ಎಂದೆ. ಮುದುಕಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ಸುಗರಾಬಿ ಬಂದು ಬೆನ್ನ ಹಿಂದೆ ನಿಂತು, "ಗುದ್ದು ಎಷ್ಟು ಬಿದ್ವು? ನಿಮ್ಮ ಮಂದ್ಯಾಗ ಹೆಸರ ಹೇಳಿದಾಕಿ ಬೆನ್ನಿಗೆ ಹೆಂಗಸರೆಲ್ಲಾ ಗುದ್ದತಾರಲ್ಲ, ನೋಯಾಕತ್ತದೇನು?" ಎಂದು ನಕ್ಕಳು. "ನೋಯಾಕತ್ತದ ಬೀಬೀ" ಎಂದೆ.

ನಿನ್ನ ಮೇಲೆ ಇನ್ನೂ ಬರೆಯಬಹುದು. ಆದರೆ ಈ ಕಾಗದವನ್ನು ಅತ್ತಿಗೆಗೆ ಓದಿ ಹೇಳುವವನೂ ನೀನೇ ಎಂದು ನೆನಪಾಗಿ ಕೈ ನಿಲ್ಲುತ್ತದೆ. ಓದಿ ಹೇಳು. ಒಂದು ಸಾಲೂ ಬಿಡಬೇಡ. ಅವಳಿಗೆ ಬಾಣಂತಿ ಖಾರ ತಪ್ಪಿಸದೆ ತಿನ್ನಲು ಹೇಳು, ತಲೆಗೆ ಗಾಳಿ ಹೊಗಿಸಿಕೊಳ್ಳಬಾರದೆಂದು ಅವ್ವ ಹೇಳಿದ್ದಾಳೆ. ಕೂಸು ನೂರು ವರ್ಷ ಬಾಳಲಿ, ತನ್ನ ಹೆಸರನ್ನು ತಾನೇ ಬರೆಯಲಿ, ಬರೆದ ಮಾತಿಗೆ ನಿಲ್ಲಲಿ.

ನಿನ್ನ ತಂಗಿ,
ಸುಗಲಮ್ಮ

ತಾಜಾಕಲಮು: ಇಷ್ಟು ಬರೆದು ಮಡಿಚಿದ್ದೆ. ಮುಖ್ಯವಾದದ್ದನ್ನು ಬಿಟ್ಟಿದ್ದೆ, ಮತ್ತೆ ಬಿಚ್ಚಿದೆ.

ಶುಕ್ರವಾರ ನೀನು ಎಲೆ ಅಡಿಕೆ ತರಲು ಹೋದಾಗ ಅಮೃತಮ್ಮ ಅತ್ತಿಗೆ ನನ್ನನ್ನು ಒಳಗೆ ಕರೆದು ಕೂಸನ್ನು ಮಡಿಲಿಗೆ ಹಾಕಿದಳು. ಬೀಗತಿ ಅಲ್ಲೇ ಒಲೆಯ ಮುಂದೆ ಇದ್ದರು. ನನ್ನ ಕಡೆ ತಿರುಗಿ ಅವರೇ ಹೇಳಿದರು: "ನಾ ಬ್ಯಾಡ ಅಂದಿಲ್ಲವ್ವ. ಈ ಅಮೃತಾನ ಕಿವಿಯಾಗ ಹೆಸರ ಹೇಳಿದಾಕಿ ನಮ್ಮ ನಾದಿನಿ. ಆಕಿ ಕೈಯಾಗೂ ಬಳಿ ಇದ್ದಿಲ್ಲ. ಏನಾಗ್ಯದ ನನ್ನ ಮಗಳಿಗೆ? ಅತ್ತಿ ಅಂದ್ರ ಅತ್ತಿ." ಅತ್ತಿಗೆ ತಲೆ ತಗ್ಗಿಸಿ ಹೇಳಿದಳು: "ನಿಮ್ಮಣ್ಣನ ಅಂದ್ರು ಸುಗಲವ್ವಾ. ಮೊದಲನೇ ಕೂಸು, ಆಕಿ ಬಾಯಿ ಬ್ಯಾಡ, ನಾಳೆ ಏನಾರ ಆದ್ರ ಯಾರು ಜವಾಬು, ಅಂದ್ರು."

ಪಂಚಾಂಗವಲ್ಲ, ಟಪ್ಪಾಲಲ್ಲ, ಅಕ್ಷರ ಬಾರದ ಬಳಿಚಕ್ರದ ಮುದುಕಿಯಲ್ಲ. ನನ್ನ ಬಾಯಿ ತಾಗಿದರೆ ಕೂಸು ಉಳಿಯದು ಎಂದು ನೀನು ನಂಬಿದೆ. ನನಗೆ ಅಕ್ಷರ ಕಲಿಸುವಾಗಲೂ ಅದನ್ನೇ ನಂಬಿದ್ದೆಯಾ? ಒಂಬತ್ತು ವರ್ಷದಿಂದ ನಗುತ್ತ ನನ್ನ ಬೆನ್ನು ಮುಟ್ಟಿದ ಮುತ್ತೈದೆ ಒಬ್ಬಳೂ ಇಲ್ಲ. ನನಗೆ ಸೀರೆ ಬೇಕಿರಲಿಲ್ಲ, ಅಣ್ಣಾ. ಆ ಗುದ್ದುಗಳಿಗಾಗಿ ನಾನು ಬಂದಿದ್ದೆ.

ಅತ್ತಿಗೆ ಇನ್ನೊಂದು ಮಾತು ಹೇಳಿದಳು. "ಬಸ್ಸಮ್ಮಗ ಎಡಗಿವಿ ಹಿಡದೀನಿ. ಬಲಗಿವಿ ನಿನಗಂತ ಇಟ್ಟೀನಿ. ಈಗ ಹೊರಗಿನವರು ಯಾರೂ ಇಲ್ಲ, ಹೇಳಿಬಿಡು." ನಾನು ಹೇಳಲಿಲ್ಲ. ಯಾರೂ ಇಲ್ಲದಾಗ ಹೇಳುವ ಹೆಸರಲ್ಲ ಅದು.

ಈ ಸಲ ದಿನ ನಾನು ಗೊತ್ತು ಮಾಡುತ್ತೇನೆ. ಅವ್ವನನ್ನೂ ಕರೆದುಕೊಂಡು ಬರುತ್ತೇನೆ. ಬರುವ ಮೊದಲು ನಿಜ ಹೇಳುತ್ತೇನೆ. ಖಾಸಿಂಬೀ, ಬಸ್ಸಮ್ಮ, ಭಾಗಣ್ಣನ ಹೆಂಡತಿ ಎಲ್ಲರನ್ನೂ ನೀನೇ ಮನೆಮನೆಗೆ ಹೋಗಿ ಕರೆ. ಸುಗಲಮ್ಮನಿಗೆ ಜ್ವರ ಬಂದಿರಲಿಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ಕರೆಯದಿದ್ದರೆ ನಾನೇ ಕರೆಯುತ್ತೇನೆ. ಬಲಗಿವಿ ಕಾದಿದೆ. ನಿನ್ನ ಮನೆಯಲ್ಲಿ, ತೊಟ್ಟಿಲ ಬಳಿ, ಇದೇ ಶುಕ್ರವಾರ ಇಪ್ಪತ್ತೆರಡನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ.