ಅವ್ವನ ಸೀರೆ, ಮೇಷ್ಟ್ರ ಕಾರು

ಮದ್ದೂರು
ಭಾನುವಾರ, ೧೬-೧೧-೨೦೨೫

ಮುನಿಸಿಕೊಂಡು ಕೂತಿರುವ ನನ್ನ ಅರ್ಪಿತಾಳಿಗೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡ ಎಂದು ನರ್ಸಮ್ಮ ಹೇಳಿದ್ದು ನೆನಪಿದೆ ತಾನೇ? ಮಗು ಒದೆಯುತ್ತಿದೆಯೇ? ನೀನು ಪೂರಿಗಾಲಿಗೆ ಹೋಗಿ ಹನ್ನೆರಡು ದಿನವಾಯಿತು, ಒಂದು ಸಲವೂ ಫೋನ್ ಎತ್ತಿಲ್ಲ. ನಿಮ್ಮತ್ತಿಗೆಗೆ ಮಾಡಿದರೆ ಬೆಳಿಗ್ಗೆಯೂ "ಮಲ್ಗವ್ಳೆ", ಮಧ್ಯಾಹ್ನವೂ "ಮಲ್ಗವ್ಳೆ". ಕುಂಭಕರ್ಣನ ತಂಗಿಯನ್ನು ಕಟ್ಟಿಕೊಂಡಿದ್ದೇನೆಂದು ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಅದಕ್ಕೇ ಈ ಕಾಗದ. ಹೈಸ್ಕೂಲು ಬಿಟ್ಟಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಬೆರಳು ನೋಯುತ್ತಿದೆ. ಓದದೆ ಒಲೆಗೆ ಹಾಕಬೇಡ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಆ ತಪ್ಪಿನ ಹತ್ತಿರಕ್ಕೆ ನನ್ನನ್ನು ಎಳೆದುಕೊಂಡು ಹೋದವರು ಎಷ್ಟು ಜನ ಅನ್ನುವುದನ್ನೂ ನೀನು ಕೇಳಬೇಕಲ್ಲ! ಪೈಪು ಹಿಡಿಯದೆ, ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ದ್ರಾವಣ ಹಾಕಿ, ಅದರಲ್ಲಿ ನೆನೆಸಿದ ಬಟ್ಟೆಯಲ್ಲೇ ಇಡೀ ಕಾರು ತೊಳೆಯುವ ಕೆಲಸಕ್ಕೆ ನಾನು ಇಳಿದಾಗ ಬೀದಿಯೆಲ್ಲ ನಕ್ಕಿತು. "ನೀರುಯ್ದೆ ಅದ್ಯಾವ್ ತೊಳ್ಯಾದ್ಲಾ ಕೆಂಪ, ಕಾರ್ಗೇನ್ ಜ್ವರ ಬಂದಿದ್ದದಾ, ಒದ್ದೆ ಬಟ್ಟೆ ಹಾಕಕ್ಕೆ?" ಎಂದು ಕೇಳಿದರು. ನಗದೇ ಇದ್ದವಳು ನೀನೊಬ್ಬಳೇ. "ಎರಡು ದಿನಕ್ಕೊಂದ್ಸಲ ನಲ್ಲಿ ಬುಡೋ ಊರ್ಗೆ ಇದೇ ಸರಿ ಕಣಯ್ಯಾ" ಎಂದು ನೀನಂದಿದ್ದನ್ನೇ ನಂಬಿಕೊಂಡು ನಾನು ಬಕೆಟ್ ಹಿಡಿದೆ.

ಈ ಕೆಲಸದಲ್ಲಿ ನೀರು ತೊಂದರೆ ಕೊಡುವುದಿಲ್ಲ, ದ್ರಾವಣ ತೊಂದರೆ ಕೊಡುವುದಿಲ್ಲ, ಪ್ರಾಣ ತಿನ್ನುವುದು ಬಟ್ಟೆ. ಕುರಿ ಉಣ್ಣೆಯ ಕೈಗವಸೇ ಎಲ್ಲಕ್ಕಿಂತ ಮೇಲು ಎಂದು ಯಾವನೋ ವಿಡಿಯೋದಲ್ಲಿ ಹೇಳಿದ. ಹೆಂಡತಿ ಮಳವಳ್ಳಿ ತಾಲೂಕಿನವಳು, ಬಂಡೂರು ಕುರಿಯ ಸೀಮೆ, ನಮಗ್ಯಾಕೆ ಹೊರಗಿನಿಂದ ತರಿಸುವ ಕರ್ಮ ಎಂದುಕೊಂಡು ಕುರಿ ಸಾಕುವ ನಿಮ್ಮ ಮುದ್ದಯ್ಯಮಾವನ ಹತ್ತಿರ ಕುರಿ ತುಪ್ಪಟ ಇಸಿದುಕೊಂಡು ಬಂದು ಗವಸು ಹೊಲಿಸಿದೆ. ಆ ಕುರಿಗೆ ಹೆಸರು ಬಂದಿರುವುದು ಬಾಡೂಟದಿಂದ, ತುಪ್ಪಟದಿಂದಲ್ಲ ಎಂದು ಒಬ್ಬನಾದರೂ ಬಾಯಿ ಬಿಟ್ಟನೇ? ಒಣಗಿದರೆ ತೆಂಗಿನ ನಾರು, ನೆನೆದರೆ ಕೊಟ್ಟಿಗೆ ನಾತ. ನೀನು ಮೂಗು ಮುಚ್ಚಿಕೊಂಡು ನಕ್ಕು ನಕ್ಕು, ಸೊಂಟ ಹಿಡಿದು ಗೋಡೆಗೆ ಒರಗಿದ್ದು ಇನ್ನೂ ಕಣ್ಣ ಮುಂದಿದೆ.

ಆಮೇಲೆ ಹನ್ನೆರಡು ಮೈಕ್ರೋಫೈಬರ್ ಟವಲ್ಲು ತಂದೆ. ಚಿನ್ನದಂಥ ಟವಲ್ಲುಗಳು. ನಾಲ್ಕು ಮಡಿಕೆ ಮಾಡಿ, ಒಂದು ಮುಖದಲ್ಲಿ ಒಂದೇ ಗೆರೆ ಒರೆಸಿ, ಮಗುಚಿ ಹೊಸ ಮುಖ ಹಿಡಿದರೆ ಕಾರಿನ ಮೈ ಕನ್ನಡಿ. ನಮ್ಮವ್ವ ದೇವಿರಮ್ಮನವರು ಮಗನಿಗೆ ಉಪಕಾರ ಮಾಡುತ್ತೇನೆಂದು ಹನ್ನೆರಡನ್ನೂ ಒಗೆದು ಹುಲ್ಲಿನ ಮೆದೆಯ ಮೇಲೆ ಹರವಿಬಿಟ್ಟರು! ಆ ಬಟ್ಟೆಯ ಗುಣವೇ ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುವುದು. ಹುಲ್ಲಿನ ಚೂರು, ಹೊಟ್ಟು, ಧೂಳು ಎಲ್ಲ ಒಳಗೆ ಸೇರಿ ಹನ್ನೆರಡು ಮುಳ್ಳುಹಂದಿಗಳಾದವು. ನಾನು ಕೂಗಾಡಿದರೆ, "ನಿಮ್ಮಪ್ಪನ್ ಪಂಚೆಯ ನಲ್ವತ್ ವರ್ಸ ಅಲ್ಲೇ ಒಣಗಾಕಿವ್ನಿ, ಒಂದಿನ ಚುಚ್ತು ಅಂದೋರಲ್ಲ ಕಣ್ಲಾ" ಎಂದರು.

ಮಾರನೆಯ ಬೆಳಿಗ್ಗೆಯೇ ಮಧುಕರ ಮೇಷ್ಟ್ರ ಹೊಸ ಕಾರು, ಅದೂ ಕರಿ ಬಣ್ಣದ್ದು, ಎಂಟು ಗಂಟೆಯೊಳಗೆ ಮುಗಿಯಬೇಕಿತ್ತು. ಅವರ ಮಗಳು ಸಿಂಧುವಿನ ನಿಶ್ಚಿತಾರ್ಥ, ಮಂಡ್ಯಕ್ಕೆ ಹೊರಟಿದ್ದರು. ಕೈಯಲ್ಲಿ ಒಂದು ಟವಲ್ಲಿಲ್ಲ. ನೀನು ಚೀಟಿಯ ಸಾಲಿಗೆಂದು ನಸುಕಿನಲ್ಲೇ ಆಸ್ಪತ್ರೆಗೆ ಹೋಗಿದ್ದೆ. ನಾನು ಟ್ರಂಕು ತೆಗೆದೆ. ತೀರಿಕೊಂಡ ನಿಮ್ಮವ್ವ ಹೊಂಬಾಳಮ್ಮನ ನೂಲಿನ ಸೀರೆ ಮೇಲೇ ಇತ್ತು, ಮುಟ್ಟಿದರೆ ಹೂವಿನ ಹಾಗೆ. ಇಷ್ಟು ಮೆತ್ತಗಿರುವುದು ಕಾರಿಗೇನು ಮಾಡೀತು ಎಂದು ಕತ್ತರಿ ಹಾಕಿದೆ. ಯಾರ ಸೀರೆ ಎಂದು ಗೊತ್ತಿರಲಿಲ್ಲ ಎಂದು ಆವತ್ತು ನಿನ್ನ ಮುಂದೆ ಆಣೆ ಹಾಕಿದೆನಲ್ಲ, ಅದು ಸುಳ್ಳು. ಗೊತ್ತಿತ್ತು. ಯಾಕೆ ಎತ್ತಿಟ್ಟಿದ್ದೀಯ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಕಾರಾದರೂ ಚೆನ್ನಾಯಿತೇ? ಅದೂ ಇಲ್ಲ. ಬಿಸಿಲಿಗೆ ತಂದು ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರು. ಮೆತ್ತಗಿರುವುದೇ ಬೇರೆ, ಕೊಳೆಯನ್ನು ಒಳಗೆ ಎಳೆದುಕೊಳ್ಳುವುದೇ ಬೇರೆ. ಸೀರೆಗೆ ಟವಲ್ಲಿನಂಥ ಜುಂಗಿಲ್ಲ, ಮಣ್ಣು ಮೇಲೆಯೇ ನಿಂತು ಬಣ್ಣವನ್ನು ಉಜ್ಜಿತು. ಮೇಷ್ಟ್ರು ಮುಖ ತಿರುಗಿಸಿ ಒಳಗೆ ಹೋದರು. ಅದಕ್ಕಿಂತ ಅವರು ನಾಲ್ಕು ಬೈದಿದ್ದರೆ ವಾಸಿಯಿತ್ತು. ಅವರ ತಾಯಿ ಪದ್ಮಮ್ಮನವರು ಬಕೆಟ್ಟಿನಿಂದ ಒಂದು ತುಂಡು ಎತ್ತಿ ನೋಡಿ, "ಉಟ್ಟು ಉಟ್ಟು ಹಣ್ಣಾದ ಸೀರೆ ಇದು, ಮಗು ಹೊದಿಸೋ ಬಟ್ಟೆ ಕಣಪ್ಪ, ಕಾರಿಗೆ ತಂದ್ಯಲ್ಲೋ" ಎಂದರು. ನೀನು ಯಾಕೆ ಎತ್ತಿಟ್ಟಿದ್ದೆ ಎಂದು ಆಗ ತಿಳಿಯಿತು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸಬಾರದು, ಬಾಳಿದ ಹೆಂಗಸಿನ ಹಳೆ ಸೀರೆಯಲ್ಲೇ ಮೊದಲು ಸುತ್ತಬೇಕು ಅನ್ನುವ ಪದ್ಧತಿ ನಮ್ಮ ಮನೆಯಲ್ಲೂ ಉಂಟಲ್ಲ. ಕತ್ತರಿ ಹಾಕುವಾಗ ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲ. ಮನೆಗೆ ಬಂದರೆ ನೀನು ಬಕೆಟ್ ನೋಡಿದೆ. ನೀನು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. "ನಮ್ಮವ್ವ ಎತ್ಕಳಕ್ಕಂತೂ ಆಗ್ನಿಲ್ಲ, ಅವಳ ಸೀರೆನಾರೂ ಎತ್ಕಳ್ಲಿ ಅಂತ ಮಡಗಿದ್ದೆ ಕಣಯ್ಯಾ" ಎಂದಷ್ಟೇ ಹೇಳಿ ಬ್ಯಾಗಿಗೆ ಬಟ್ಟೆ ತುಂಬಿದೆ. ಹನ್ನೆರಡು ದಿನದಿಂದ ಅದೊಂದೇ ಮಾತು ಕಿವಿಯಲ್ಲಿದೆ. ಬಕೆಟ್ ಮುಟ್ಟಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ನಿಮ್ಮಪ್ಪ ನಿಂಗಯ್ಯಮಾವನಿಗೆ ನನ್ನ ನಮಸ್ಕಾರ ತಿಳಿಸು, ಅವರ ಮುಖ ಹೇಗೆ ನೋಡಲಿ ಎಂದು ಯೋಚನೆಯಾಗಿದೆ. ನಮ್ಮವ್ವ ನಿನ್ನನ್ನು ಕೇಳಿದರು ಎಂದು ಬರೆ ಅನ್ನುತ್ತಿದ್ದಾರೆ. ನಿನ್ನ ಪರವಾಗಿ ನನಗೆ ಕಾಫಿ ಕೊಡುವುದನ್ನೇ ನಿಲ್ಲಿಸಿದ್ದಾರೆ. ಚೆನ್ನಾಗಿ ಉಣ್ಣು, ಕಾಲು ಇಳಿಬಿಟ್ಟುಕೊಂಡು ಕೂರಬೇಡ.

ನಿನ್ನ ಬುದ್ಧಿಗೇಡಿ ಗಂಡ,
ಕೆಂಪರಾಜು

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆವತ್ತು ಸೆರಗಿನ ಕಡೆ ಎರಡು ಮೊಳ ಬಿಟ್ಟು ಕತ್ತರಿಸಿದ್ದೆ. ಒಳ್ಳೆಯತನದಿಂದಲ್ಲ. ಅದರ ಜರಿ ಕಾರಿಗೆ ಗೀರು ಹಾಕುತ್ತದೆಂದು ಮೂಲೆಗೆ ಎಸೆದಿದ್ದೆ. ನಿನ್ನೆ ಮಂಚದ ಕೆಳಗೆ ಸಿಕ್ಕಿತು. ದ್ರಾವಣದ ಒಂದು ಹನಿಯೂ ಸೋಕಿಲ್ಲ. ಕೂತುಕೊಂಡು ಜರಿಯನ್ನು ಎಳೆ ಎಳೆಯಾಗಿ ಬಿಡಿಸಿದೆ, ಬಿಸಿನೀರಿನಲ್ಲಿ ಮೂರು ಸಲ ಜಾಲಿಸಿ ಹಗ್ಗದ ಮೇಲೆ ಒಣಗಿಸಿದೆ, ಮೆದೆಯ ಮೇಲಲ್ಲ. ಕೆನ್ನೆಗೆ ಒತ್ತಿ ನೋಡಿದೆ, ಎಲ್ಲೂ ಚುಚ್ಚುವುದಿಲ್ಲ. ಈ ಕಾಗದದ ಜೊತೆ ನಿಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸಬಹುದಿತ್ತು, ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಬುಧವಾರ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಬಾಗಿಲ ಸಂದಿಯಿಂದ ಕೈ ಚಾಚು, ಅವ್ವನ ಸೆರಗು ಕೊಟ್ಟು ಹೋಗುತ್ತೇನೆ.