ಒಂದು ಬೆರಳು ಹಿಂದೆ

ಜೂನ್ 8, ಭಾನುವಾರ. ಬೆಳಿಗ್ಗೆ 9

ಕ್ಲಾಸ್ ಮುಗಿಸಿ ಬಂದೆ. ಭುಜ ನೋವು. ಕರೆಂಟ್ ಇಲ್ಲ, ಮಗ್ಗ ಇನ್ನೂ ಹಾಕಿಲ್ಲ.

ಇವತ್ತೂ ಅದೇ ಕಥೆ. ಈ ಕುಂಗ್‌ಫೂನಲ್ಲಿ ಎದುರಿನವರ ಮಣಿಕಟ್ಟಿಗೆ ನಮ್ಮ ಮಣಿಕಟ್ಟು ಅಂಟಿಸಿ ನಿಲ್ಲಬೇಕು. ತಡೆಯಬಾರದು. ಅವರ ಕೈ ಬಂದರೆ ದಾರಿ ಬಿಡಬೇಕು, ಹೋದರೆ ಜೊತೆಗೇ ಹೋಗಬೇಕು. ನನ್ನದು ಇಪ್ಪತ್ತು ವರ್ಷದ ಕರಾಟೆ ಕೈ. ಮುಟ್ಟಿದರೆ ಸಾಕು, ಕಲ್ಲು. ಜೊತೆಗೆ "ಹಾ!" ಎಂದು ಕಿರುಚಿಬಿಟ್ಟೆ. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಬೇರೆ. ಕ್ಲಾಸ್ ನಡೆಯುವ ಕಲ್ಯಾಣ ಮಂಟಪದ ಹಾಲ್ ಪೂರ್ತಿ ಗುಂಯ್ ಎಂದಿತು. ಸೋಂಪುರದ ಫ್ಯಾಕ್ಟರಿಗೆ ಹೋಗುವ ಬೈರೇಶ್, "ಅಣ್ಣಾ, ಇಲ್ಲಿ ಮಗ್ಗ ಓಡ್ತಿಲ್ಲ, ಮೆಲ್ಲಗೆ" ಎಂದ. ಎಲ್ಲರೂ ನಕ್ಕರು.

ಚಂದನ ನಗಲಿಲ್ಲ. ಅದೇ ಕಷ್ಟ. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಬೆಲ್ಟ್ ಕಟ್ಟಿಕೊಳ್ಳುವುದನ್ನು ಕಲಿಸಿದ್ದೇ ನಾನು. ಈಗ ಅವಳು ಟೀಚರ್. ನನ್ನ ಮಂಡಿ ಹೋಯಿತು, ಡಾಕ್ಟರ್ ಕಿಕ್ ಬೇಡ ಎಂದರು, ಕರಾಟೆ ಕ್ಲಾಸ್ ಮುಚ್ಚಿದೆ. ಸುಮ್ಮನೆ ಕೂರಲಾಗದೆ ಇವಳ ಹತ್ತಿರ ಸೇರಿದೆ. ಎಲ್ಲರ ಮುಂದೆ ಇನ್ನೂ "ಸರ್" ಅನ್ನುತ್ತಾಳೆ. ಅಂದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಜೂನ್ 15

ಬ್ಯಾಗಿನಲ್ಲಿ ಬ್ಲ್ಯಾಕ್ ಬೆಲ್ಟ್ ಇಟ್ಟುಕೊಳ್ಳುತ್ತಿದ್ದೆ. ಮೇಘನ ನೋಡಿಬಿಟ್ಟಳು.

"ಅಲ್ಲಿ ಬೆಲ್ಟೇ ಇಲ್ಲ ಅಂದ್ರಲ್ರೀ?"

"ಇರ್ಲಿ ಬಿಡೇ, ಭಾರಾನಾ?"

ನಕ್ಕಳು ಮಹರಾಯ್ತಿ. ತೆಗೆಯಲಿಲ್ಲ. ಬ್ಯಾಗಿನಲ್ಲೇ ಹೋಯಿತು, ಬ್ಯಾಗಿನಲ್ಲೇ ಬಂತು. ನಲವತ್ತರ ಹತ್ತಿರ ಬಂದೆ, ಇನ್ನೂ ಈ ಬುದ್ಧಿ.

ಜೂನ್ 29, ಭಾನುವಾರ

ಏನು ಮಾಡಿಬಿಟ್ಟೆ...

ಇವತ್ತು ಮಕ್ಕಳ ಅಪ್ಪ ಅಮ್ಮಂದಿರೂ ಬಂದಿದ್ದರು. ತೋರಿಸಲು ಚಂದನ ನನ್ನನ್ನೇ ಕರೆದಳು. ಮಣಿಕಟ್ಟಿಗೆ ಮಣಿಕಟ್ಟು. "ಸರ್, ಭುಜ ಬಿಡಿ. ಸರ್, ಇನ್ನೂ ಬಿಡಿ." ಹೇಳುತ್ತಲೇ ಎದೆಗೆ ಮೆಲ್ಲಗೆ ತಟ್ಟಿದಳು. ಮತ್ತೆ ತಟ್ಟಿದಳು. ತಡೆಯಲಾಗಲಿಲ್ಲ ನನಗೆ. ಹಿಂದಿನಿಂದ ಹನುಮಂತರಾಯಪ್ಪ — ಅವರ ಮಗ ಮೊದಲು ನನ್ನ ಕ್ಲಾಸಿನಲ್ಲೇ ಇದ್ದ — "ಏನ್ ಮಾಸ್ಟ್ರೇ, ಶಿಷ್ಯೆ ಕೈಲಿ ಏಟ್ ತಿಂತಿದೀರಲ್ಲ!" ಎಂದರು.

ಕೈ ಹೋಯಿತು. ಅವಳ ತುಟಿ ಒಡೆಯಿತು. ಟೀಶರ್ಟಿನ ಮೇಲೆ ರಕ್ತ.

"ಅಭ್ಯಾಸ ಕಣಮ್ಮಾ," ಎಂದೆ. "ಕರಾಟೆ ಕೈ. ತಾನಾಗೇ ಹೋಗ್ಬಿಡ್ತು."

ಅವಳು ಬಾಯಿಗೆ ಟವೆಲ್ ಒತ್ತಿಕೊಂಡು ಎಲ್ಲರಿಗೂ ಹೇಳಿದಳು, "ನಂದೇ ತಪ್ಪು. ನನ್ ಕೈ ಕೆಳಗಿತ್ತು."

ಇರಲಿಲ್ಲ. ಸರಿಯಾಗಿಯೇ ಇತ್ತು. ಇಲ್ಲಾದರೂ ಬರೆಯುತ್ತೇನೆ: ಅಭ್ಯಾಸವಲ್ಲ. ಬೇಕೆಂದೇ ಹೊಡೆದೆ.

ಜೂನ್ 30

ಚಂದನಳ ತುಟಿಗೆ ಹೊಲಿಗೆ ಹಾಕಿದ್ದಾರಂತೆ. ಮೇಘನ ನೋಡಲು ಹೊರಟಳು. "ನೀವೂ ಬನ್ನಿ." ಸೀರೆ ಮುಗಿಸಬೇಕು ಎಂದೆ. ಮಗ್ಗದ ಹಿಂದೆ ಅಡಗಿ ಕೂತೆ, ಕಳ್ಳನ ಹಾಗೆ.

ಜುಲೈ 10, ಗುರುವಾರ

ಕ್ಲಾಸಿಗೆ ಹೋಗಿಲ್ಲ. ಬರೆದೂ ಇಲ್ಲ.

ಇವತ್ತು ಗುರುಪೂರ್ಣಿಮೆ. ಚಂದನ ಕ್ಲಾಸಿನವರನ್ನೆಲ್ಲ ಕಟ್ಟಿಕೊಂಡು ಮನೆಗೇ ಬಂದಳು. ಹೂವು, ಹಣ್ಣು. ಏನೋ ಹೇಳುತ್ತಿದ್ದಳು, ತುಟಿ ಆಡುವುದು ಕಾಣುತ್ತಿತ್ತು. ಮಾತು ಕೇಳಬಾರದೆಂದೇ ಮಗ್ಗ ನಿಲ್ಲಿಸಲಿಲ್ಲ. ಮೇಘನ ಬಂದು ಸ್ವಿಚ್ ಆಫ್ ಮಾಡಿದಳು.

"ನಮ್ ಗುರುಗಳು ಇವ್ರು. ಮೊದ್ಲು ಇವ್ರಿಗೆ, ಆಮೇಲೆ ನಂಗೆ," ಎನ್ನುತ್ತ ಬಗ್ಗಿ ಕಾಲು ಮುಟ್ಟಿದಳು. ತುಟಿಯ ಗಾಯ ಇನ್ನೂ ಕಪ್ಪಗಿದೆ. ತಲೆಯ ಮೇಲೆ ಕೈ ಇಡಲೇಬೇಕಲ್ಲ. ಇಟ್ಟೆ. ಅದೇ ಬಲಗೈ.

"ಚೆನ್ನಾಗಿರಮ್ಮ" ಎಂದೆ. ಥೂ ನನ್ನ ಜನ್ಮಕ್ಕೆ.

ಹೇಳಬಹುದಿತ್ತು. ಎಲ್ಲರೂ ಇದ್ದರು, ಮಗ್ಗವೂ ನಿಂತಿತ್ತು. ಹೇಳಲಿಲ್ಲ.

ಜುಲೈ 13, ಭಾನುವಾರ

ಹೋದೆ. ಬೆಲ್ಟ್ ಮನೆಯಲ್ಲೇ ಬಿಟ್ಟು.

ಎಲ್ಲರೂ ಸಾಲಾಗಿ ನಿಂತ ಮೇಲೆ ಮುಂದೆ ಬಂದೆ. "ಅವತ್ತಿಂದು ಅಭ್ಯಾಸ ಅಲ್ಲ. ಅವಮಾನ ಆಯ್ತು, ಸಿಟ್ ಬಂತು, ಬೇಕಂತ್ಲೇ ಹೊಡ್ದೆ. ಚಂದನಾದು ಏನೂ ತಪ್ಪಿಲ್ಲ." ಬೈರೇಶ್ ತಲೆ ತಗ್ಗಿಸಿಕೊಂಡ.

"ಗೊತ್ತಿತ್ತು ಸರ್," ಎಂದಳು ಚಂದನ.

"ಹೆಂಗೆ?"

"ಅಭ್ಯಾಸ ಆಗಿದ್ರೆ ನಿಲ್ತಿತ್ತು. ಮುಖದಿಂದ ಒಂದ್ ಬೆರಳು ಹಿಂದೆ ಪಂಚ್ ನಿಲ್ಸ್ಬೇಕು ಅಂತ ನೀವೇ ಅಲ್ವಾ ಕಲ್ಸಿದ್ದು? ನಿಲ್ಸೋದು ಬರೋ ತನಕ ಹೊಡ್ಯೋಕೇ ಬಿಡ್ತಿರ್ಲಿಲ್ಲ."

ಹೌದು. ಇಷ್ಟು ವರ್ಷ ಕಲಿಸಿದ್ದೇ ಅದು. ಸುಳ್ಳು ಹೇಳುವಾಗ ಅದೂ ನೆನಪಾಗಲಿಲ್ಲ ನನಗೆ. ಆಡಿದ ಮರುಗಳಿಗೆಯೇ ಅವಳಿಗೆ ತಿಳಿದಿತ್ತು.

"ಮತ್ತೆ ಗುರುವಾರ ಯಾಕಮ್ಮಾ ಬಂದೆ?"

"ಹೇಳ್ತೀರೇನೋ ಅಂತ ಬಂದೆ ಸರ್."

ಪರವಾಗಿಲ್ಲ ಎನ್ನಲಿಲ್ಲ ಅವಳು. ಬಲಗೈ ಮುಂದೆ ಚಾಚಿ "ಬನ್ನಿ ಸರ್, ಶುರು ಮಾಡೋಣ" ಎಂದಳು, ಯಾವತ್ತಿನ ಹಾಗೆ. ಮಣಿಕಟ್ಟಿಗೆ ಮಣಿಕಟ್ಟು ಇಟ್ಟೆ. ನನ್ನ ಕೈ ಕಲ್ಲಾಗಲಿಲ್ಲ. ಅವಳ ಕೈ ಬಂದಾಗ ದಾರಿ ಬಿಟ್ಟಿತು. ಅವಳಿಗೂ ತಿಳಿದಿರುತ್ತದೆ.

ಎಲ್ಲ ಮೊದಲಿನ ಹಾಗೆಯೇ. ಎಡಗೈ ಮಾತ್ರ ಮೇಲೆ ಹಿಡಿದಿದ್ದಳು, ತುಟಿಗೆ ಅಡ್ಡವಾಗಿ. ಯಾವತ್ತೂ ಹಾಗೆ ಹಿಡಿದವಳಲ್ಲ. ನಾನು ಕಣ್ಣೆತ್ತಿದಾಗ ಇಳಿಸಲು ನೋಡಿದಳು, ಆಗಲಿಲ್ಲ. "ಇರ್ಲಿ ಬಿಡಮ್ಮಾ" ಎಂದೆ.